ಅಕ್ಕಿಯ ಮೇಲಿನ ಹೆಸರು

ಗಂಡನಿಗೆ ಮರೆವು ಪೂರ್ತಿ ಆವರಿಸುವ ಮೊದಲೇ ಮನೆ, ಬ್ಯಾಂಕಿನ ವ್ಯವಹಾರವೆಲ್ಲ ತನ್ನ ಕೈಗೆ ಬರಲೆಂದು ಸುಮಿತ್ರಾಬಾಯಿ ಮುಖ್ತ್ಯಾರಪತ್ರ ಬರೆಸಿ, ಅವರನ್ನು ನೋಂದಣಿ ಕಚೇರಿಗೆ ಕರೆತಂದಿದ್ದರು. ಇವತ್ತು ತಪ್ಪಿದರೆ ನಾಳೆ ಅವರಿಗೆ ಏನು ನೆನಪಿರುತ್ತದೋ ಎಂಬ ಆತಂಕ.

“ಅಧಿಕಾರ ಯಾರಿಗೆ ಕೊಡ್ತೀರಿ, ಅಜ್ಜಾರ?” ಸಬ್‌ರಿಜಿಸ್ಟ್ರಾರ್ ಕೇಳಿದರು.

“ವತ್ಸಲಾಗ.”

“ಕಾಗದದಾಗ ಸುಮಿತ್ರಾ ಅಂತ ಅದ ಅಲ್ರೀ?”

“ನಾನs ರೀ ವತ್ಸಲಾ,” ಸುಮಿತ್ರಾಬಾಯಿ ತಡವರಿಸದೆ ಹೇಳಿದರು. “ಮದುವ್ಯಾಗ ಇವರು ಅಕ್ಕಿ ಮ್ಯಾಲ ಉಂಗುರದಿಂದ ಬರದು ನನಗಿಟ್ಟ ಹೆಸರು.”

ಸಬ್‌ರಿಜಿಸ್ಟ್ರಾರ್ ನಕ್ಕರು. “ಇಷ್ಟು ವಯಸ್ಸಾದ್ರೂ ಇಟ್ಟ ಹೆಸರು ಮರ್ತಿಲ್ಲ ನೋಡ್ರಿ. ಪುಣ್ಯಾ ಮಾಡೀರಿ, ಬಾಯಾರ.”

ಹೆಬ್ಬೆಟ್ಟೊತ್ತಿ ಹೊರಬಂದ ಮೇಲೆ ಗಂಡ ಮೆಟ್ಟಿಲ ಬಳಿ ನಿಂತು, ಮೆಲ್ಲಗೆ ಕೇಳಿದರು:

“ಸುಮಿತ್ರಾ, ವತ್ಸಲಾನ ವಿಷಯ ನಿನಗ ಯಾರು ಹೇಳಿದ್ರು?”