ಕಬ್ಬಿಣದ ಉಂಗುರ

ಮಗ ಕಾಣೆಯಾಗಿ ವಾರ ಕಳೆದಿತ್ತು. ಕೆರೆಯಲ್ಲಿ ಸಿಕ್ಕ ಹೆಣದ ಮುಖ ಗುರುತು ಹಿಡಿಯುವಂತಿರಲಿಲ್ಲ. ಶವಾಗಾರದ ಹೊರಗೆ ಕಾಯುತ್ತಿದ್ದ ಗಂಡ ಹೆಂಡತಿಗೆ ಪೊಲೀಸಿನವನು ಅದರ ಬೆರಳಲ್ಲಿದ್ದ ಉಂಗುರವನ್ನು ತಂದುಕೊಟ್ಟ.

"ನೋಡಿ ಹೇಳಿ ಅಮ್ಮ, ಇದು ನಿಮ್ಮ ಮಗಂದಾ?"

"ನನ್ನ ಮಗಂದು ಕಬ್ಬಿಣದ್ದು ಸರ್. ಶನಿಯ ಸಾಡೇಸಾತಿ ಶುರುವಾಯ್ತು ಅಂತ ನಾನೇ ಹಟ ಮಾಡಿ ಹಾಕಿಸಿದ್ದೆ. ಇವರೇ ಫ್ಯಾಕ್ಟರಿ ಲೇತ್ ಮಷೀನಲ್ಲಿ ಮಾಡಿಕೊಟ್ರು."

ಆಕೆ ಉಂಗುರವನ್ನು ಅಂಗೈಯಲ್ಲಿಟ್ಟು ತೂಗಿದಳು. ತೂಕವೇ ಇರಲಿಲ್ಲ. ಅಷ್ಟು ದಿನ ನೀರಲ್ಲಿದ್ದರೂ ಒಂದು ಚುಕ್ಕೆ ತುಕ್ಕಿಲ್ಲ. ತನ್ನ ಪರ್ಸಿನ ಅಯಸ್ಕಾಂತದ ಗುಂಡಿಗೆ ಒತ್ತಿ ಹಿಡಿದು ಬಿಟ್ಟಳು. ಉಂಗುರ ಅಂಟದೆ ಜಾರಿ ನೆಲಕ್ಕೆ ಬಿತ್ತು.

"ನೋಡ್ರೀ, ಇದು ಕಬ್ಬಿಣ ಅಲ್ವೇ ಅಲ್ಲ," ಎಂದು ಗಂಡನ ತೋಳು ಹಿಡಿದಳು. ಅವಳ ಮುಖ ಅರಳಿತ್ತು. "ಯಾವ ತಾಯಿ ಮಗನೋ ಪಾಪ. ನಡೀರಿ, ಮನೆಗೆ ಹೋಗೋಣ."

ಗಂಡ ಬಗ್ಗಿ ಉಂಗುರವನ್ನು ಎತ್ತಿಕೊಂಡ. ಮತ್ತೆ ಎದ್ದು ನಿಲ್ಲಲಿಲ್ಲ.

"ಕಬ್ಬಿಣ ಹಾಕ್ಕೊಂಡ್ರೆ ಬೆರಳೆಲ್ಲ ಕಪ್ಪಾಗುತ್ತಪ್ಪ ಅಂತ ಅವನು ಅಂದಿದ್ದ ಕಣೇ," ಎಂದ. "ಫ್ಯಾಕ್ಟರೀಲಿ ವಿಮಾನಕ್ಕೆ ಹಾಕೋ ಟೈಟಾನಿಯಂ ತುಂಡೊಂದು ಉಳಿದಿತ್ತು. ನಿಂಗೆ ಹೇಳದೆ ಅದರಲ್ಲೇ ಇದನ್ನ ಮಾಡಿಕೊಟ್ಟೆ."