ಹಿಂದಿನ ಚಕ್ರಗಳು

"ರೀ, ಹಿಂದಿನ ಚಕ್ರಾನೂ ಮುಂದಿನದು ತಿರುಗೋ ಕಡೆಗೇ ತಿರುಗ್ತಿದೆ!"

ವ್ಯಾನಿನ ಹಿಂಬಾಗಿಲು ತೆರೆದು, ರಿಮೋಟ್ ಟ್ರಕ್ಕನ್ನು ಅಂಗಾತ ಮಲಗಿಸಿಕೊಂಡು ಅವಳು ಕೂತಿದ್ದಳು. ಪಕ್ಕದಲ್ಲಿ ಮೊಬೈಲು. ಬೆವರಿದ ಬೆರಳುಗಳಲ್ಲಿ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. ಸುತ್ತ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿದ್ದರು.

"ಹಾಗಾದ್ರೆ ಏಡಿ ಥರ ಅಡ್ಡಡ್ಡ ಹೋಗುತ್ತೆ ಅಷ್ಟೇ," ಮೊಬೈಲಿನಲ್ಲಿ ಗಂಡನ ದನಿ. "ಮುಂದಿನದು ಎಡಕ್ಕೆ ಹೊರಳಿದ್ರೆ ಹಿಂದಿನದು ಬಲಕ್ಕೆ ಹೊರಳ್ಬೇಕು. ಆಗ್ಲೇ ಇಕ್ಕಟ್ಟಲ್ಲಿ ತಿರುಗೋದು. ರಿಮೋಟಲ್ಲಿ ಎರಡನೇ ಗುಂಡಿ ಉಲ್ಟಾ ಮಾಡು."

ಈ ಟ್ರಕ್ಕನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ರಜೆ ಬಂತೆಂದರೆ ಅಡುಗೆಮನೆಯ ಮೇಜು ಇದರ ಪಾಲು. ನನ್ನ ಸವತಿ ಎಂದು ತಮ್ಮನ ಹತ್ತಿರ ಗೊಣಗಿದ್ದೂ ಉಂಟು. ನಾಲ್ಕೂ ಚಕ್ರ ಎಡಬಲಕ್ಕೆ ಹೊರಳುವಂತೆ ಮಾಡುವ ಗಂಡನ ಆಸೆ ಅರ್ಧಕ್ಕೇ ನಿಂತಿತ್ತು. ಇವತ್ತು ಅವನು ಬರುವಂತಿರಲಿಲ್ಲ. ಅವಳೇ ಮುಗಿಸಬೇಕು.

ಕಿತ್ತಳೆ ಜಾಕೆಟ್ಟಿನವನು ಸೀಟಿ ಊದಿ ಕೈ ಎತ್ತಿದ. ಗದ್ದಲ ಗಪ್ಪನೆ ನಿಂತಿತು. ಅವನು ಕೈ ಇಳಿಸಿದ ಮೇಲೆ ಮತ್ತೆ ಶುರುವಾಯಿತು.

"ಆಯ್ತೇನಮ್ಮಾ? ಮೊದಲು ಹೋದದ್ದು ತಿರುವಲ್ಲೇ ಸಿಕ್ಕಾಕ್ಕೊಂಡ್ತು. ಉಳಿದಿರೋದು ನಿಮ್ಮದೊಂದೇ."

"ಸ್ವಲ್ಪ ತಡೀರಿ ಸಾರ್. ಅಕ್ಕ ಇದನ್ನ ಮುಟ್ಟಿರೋದೇ ಇವತ್ತು," ಎಂದ ಪಕ್ಕದಲ್ಲಿ ನಿಂತಿದ್ದ ತಮ್ಮ.

ಗುಂಡಿ ಉಲ್ಟಾ ಆಯಿತು. ಚಕ್ರಗಳು ಎದುರುಬದುರು ಹೊರಳಿದವು. ಆದರೆ ಕೈ ಬಿಟ್ಟರೆ ಹಿಂದಿನವು ಸೊಟ್ಟಗೇ ನಿಂತವು.

"ರೀ, ನೇರ ಆಗ್ತಿಲ್ಲ!"

ಬರೀ ಕೆಮ್ಮು.

"ರೀ!"

"ಇದ್ದೀನಿ ಕಣೇ. ಎಲ್ಲಿಗೆ ಹೋಗ್ಲಿ?" ಅವನು ಉಸಿರು ಎಳೆದುಕೊಂಡ. "ಹಿಂದಿನ ಚಕ್ರ ಹೊರಳಿಸೋ ಪುಟ್ಟ ಮೋಟಾರಿನ ತೋಳು ಬಿಚ್ಚು. ಸ್ವಿಚ್ ಆನ್ ಇರ್ಲಿ. ಚಕ್ರ ನೇರ ಹಿಡ್ಕೊಂಡು ತೋಳು ಮತ್ತೆ ಕೂರಿಸು."

"ನನ್ನ ಕೈಲಾಗಲ್ಲ."

"ದಿನಾ ಸೂಜಿಗೆ ದಾರ ಪೋಣಿಸ್ತೀಯಲ್ಲ, ಅದಕ್ಕಿಂತ ಕಷ್ಟಾನಾ?"

"ಸೂಜಿ ಹಿಡಿದಾಗ ನನ್ನ ಕೈ ಹೀಗೆ ನಡುಗಲ್ಲ!"

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮಿನ ನಡುವೆಯೇ ದನಿ ಕಡಿದುಹೋಯಿತು. ಮತ್ತೆ ಫೋನ್ ಮಾಡಿದರೆ ಸ್ವಿಚ್ ಆಫ್.

"ಚಾರ್ಜ್ ಮುಗಿದಿರ್ಬೇಕು," ಎಂದ ತಮ್ಮ, ಅವಳ ಮುಖ ನೋಡದೆ.

ತೋಳು ಬಿಚ್ಚುವಾಗ ಸ್ಕ್ರೂ ಕೈ ತಪ್ಪಿ ಜಲ್ಲಿಯೊಳಗೆ ಬಿತ್ತು. ಅಕ್ಕ ತಮ್ಮ ಇಬ್ಬರೂ ಮಂಡಿಯೂರಿ ತಡಕಿದರು. ಸಿಕ್ಕಿದಾಗ ಅವಳು ಅದನ್ನು ತುಟಿಗಳ ನಡುವೆ ಕಚ್ಚಿಕೊಂಡಳು, ಬಟ್ಟೆ ಹೊಲಿಯುವಾಗ ಗುಂಡುಪಿನ್ನು ಕಚ್ಚಿಕೊಳ್ಳುವ ಹಾಗೆ. ತೋಳು ಕೂತಿತು. ಚಕ್ರಗಳು ನೇರ ನಿಂತವು.

ಕಿತ್ತಳೆ ಜಾಕೆಟ್ಟಿನವನು ಎಳೆಯಬೇಕಾದ ಹೊರೆಯನ್ನು ಟ್ರಕ್ಕಿನ ಹಿಂಭಾಗಕ್ಕೆ ಬಿಗಿದ. ಮತ್ತೆ ಸೀಟಿ. ಅವಳು ಟ್ರಕ್ಕನ್ನು ಮುಂದಕ್ಕೆ ಬಿಟ್ಟಳು.

ಅವಳ ಕಣ್ಣು ರಿಮೋಟಿನ ಪರದೆ ಬಿಟ್ಟು ಕದಲಲಿಲ್ಲ. ಟ್ರಕ್ಕಿನ ಮೂತಿಯ ಕ್ಯಾಮೆರಾ ಕಲ್ಲು ತೋರಿಸಿತು, ಕಂಬಿ ತೋರಿಸಿತು, ಆ ತಿರುವನ್ನೂ ತೋರಿಸಿತು. ಮುಂದಿನ ಚಕ್ರ ಎಡಕ್ಕೆ, ಹಿಂದಿನದು ಬಲಕ್ಕೆ. ಗೋಡೆ ಸವರಿತು. ನಿಂತಿತು. ಚೂರು ಹಿಂದಕ್ಕೆ ಬಂದು, ಹೊರಳಿ, ಒಳಗೆ ನುಗ್ಗಿತು.

ಕುಸಿದ ಮೂರು ಮಹಡಿಗಳ ಅಡಿಯಿಂದ ದೂಳು ಮೆತ್ತಿದ ಕೈಯೊಂದು ಚಾಚಿತು; ಟ್ರಕ್ಕು ಎಳೆದು ತಂದ ಗಾಳಿಯ ಕೊಳವೆಯನ್ನು ಅವಳ ಗಂಡ ಗಟ್ಟಿಯಾಗಿ ಹಿಡಿದುಕೊಂಡ.