ಸತ್ತವನ ಜಾಗ

ಫ್ರಾನ್ಸಿನಿಂದ ಬಂದು ಅಮೆರಿಕದ ಕಾಡಂಚಿನಲ್ಲಿ ಅಂಗಡಿಯಿಟ್ಟಿದ್ದ ಬಸ್ತಿಯಾನ್, ಬುಡಕಟ್ಟಿನವರು ತರುವ ತೊಗಲಿಗೆ ಬದಲಾಗಿ ಕೋವಿಯ ಮದ್ದು ಕೊಡುತ್ತಿದ್ದ. ಅದರಲ್ಲಿ ಅರ್ಧಕ್ಕರ್ಧ ಇದ್ದಿಲ ಪುಡಿ. ಮೊನ್ನೆ ಮೈಮೇಲೆ ಬಂದ ಕರಡಿಗೆ ಒಬ್ಬ ಬೇಟೆಗಾರ ಗುರಿಯಿಟ್ಟಾಗ ಗುಂಡೇ ಹಾರಲಿಲ್ಲ. ಹಟ್ಟಿಗೆ ಅವನ ಹೆಣ ಬಂತು.

ಬಸ್ತಿಯಾನನನ್ನು ಹಗ್ಗದಲ್ಲಿ ಬಿಗಿದು ಸತ್ತವನ ತಾಯಿಯ ಮುಂದೆ ಕೆಡವಿದರು.

"ಬಿಚ್ರಪ್ಪಾ ಹಗ್ಗಾನ," ಎಂದಳು ಮುದುಕಿ. "ಕೊಂದೋನು ಸತ್ತೋನ ಜಾಗ ತುಂಬಬೇಕು, ಅದು ನಮ್ಮ ಪದ್ಧತಿ. ಇವತ್ತಿಂದ ಇವನೇ ನನ್ನ ಮಗ."

ಬಸ್ತಿಯಾನ್ ಅವಳ ಕಾಲು ಹಿಡಿದು ಬಿಕ್ಕಿದ. "ನೀ ಹೇಳಿದ್ದೆಲ್ಲ ಮಾಡ್ತೀನವ್ವಾ."

ಮುದುಕಿ ಅವನ ತಲೆ ಸವರಿ, ಮಗನ ಕೋವಿಯನ್ನೂ ಮದ್ದಿನ ಚೀಲವನ್ನೂ ಕೈಗಿತ್ತಳು.

"ಆ ಕರಡಿ ಇನ್ನೂ ಹಳ್ಳದಾಚೆಗೇ ಐತೆ, ಹೊಡ್ಕೊಂಡು ಬಾ ಮಗಾ. ಹೆದರಬ್ಯಾಡ, ಮದ್ದು ನಿನ್ನಂಗಡೀದೇ."